ಭಾನುವಾರದ ಸಂದರ್ಶನದ ಕುರಿತು

ಬಳಗದ ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ, ಧಾರವಾಡದ ಗಾಯಕರಿಗೆ ದಶಕಗಳ ಕಾಲ ಹಾರ್ಮೋನಿಯಂ ಸಾಥ್ ನೀಡಿದ ಹಿರಿಯರೊಬ್ಬರ ಸಂದರ್ಶನವನ್ನು ನಮ್ಮ ಸಮುದಾಯ ಬಾನುಲಿಗಾಗಿ ಧ್ವನಿಮುದ್ರಿಸಿಕೊಳ್ಳಲಿದ್ದೇವೆ.

ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಮತ್ತು ಸ್ವರಗಳ ನಡುವಿನ ಸೂಕ್ಷ್ಮ ಶ್ರುತಿಗಳು ಈ ವಾದ್ಯದಲ್ಲಿ ನುಡಿಯುವುದಿಲ್ಲವೆಂಬ ಆಕ್ಷೇಪದ ಮೇಲೆ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ, 1971ರವರೆಗೂ ಅದನ್ನು ದೂರವಿಟ್ಟಿತ್ತು. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರಕ್ಕೂ ಈ ನಿಯಮ ಅನ್ವಯಿಸಿತ್ತು. ಭಜನೆಯಲ್ಲಿ, ನಾಟಕದಲ್ಲಿ, ಮನೆಯ ಪಾಠದಲ್ಲಿ ನಿತ್ಯವೂ ನುಡಿಯುತ್ತಿದ್ದ ಪೇಟಿಯು (ಹಾರ್ಮೋನಿಯಂ) ಬಾನುಲಿಯಲ್ಲಿ ಮಾತ್ರ ಕೇಳಿಸದಿದ್ದ ಆ ವರ್ಷಗಳ ಬಗ್ಗೆ ಅವರನ್ನು ಸಾವಕಾಶವಾಗಿ ಕೇಳಬೇಕೆಂಬುದು ನನ್ನ ಬಲವಾದ ಅಪೇಕ್ಷೆ. ಪ್ರಶಸ್ತಿಗಳ ವಿವರ ಬೇರೆಡೆಯೂ ಸಿಗುತ್ತದೆ.

ಕಳೆದ ವಾರ ಮನೆಗೆ ಹೋದಾಗ, ಗಾಯಕರು ಉಸಿರು ತೆಗೆದುಕೊಳ್ಳುವಲ್ಲಿ ಪೇಟಿ ಹೇಗೆ ಕಾಯಬೇಕೆಂಬುದನ್ನು ಅವರು ಬಾಯಲ್ಲಿ ಹೇಳದೆ, ಎಡಗೈಯಿಂದ ತಿದಿಯನ್ನು ಮೆಲ್ಲಗೆ ತಡೆದು ನುಡಿಸಿ ತೋರಿಸಿದರು. ಆದ್ದರಿಂದ ವಾದ್ಯಕ್ಕೆ ಪ್ರತ್ಯೇಕ ಮೈಕ್ ಇರಲಿ, ಆದರೆ ತಿದಿಯ ಗಾಳಿಯ ಸದ್ದು ಬೀಳದಷ್ಟು ದೂರದಲ್ಲಿರಲಿ. ಅವರು ನೆನಪಿಸಿಕೊಳ್ಳುತ್ತ ಸುಮ್ಮನಾದರೆ ದಯವಿಟ್ಟು ಯಾರೂ ನಡುವೆ ಮಾತನಾಡಬಾರದು.

ನಿಮ್ಮ ಪ್ರಶ್ನೆಗಳನ್ನು ಶುಕ್ರವಾರ ಸಂಜೆಯೊಳಗೆ ಈ ಗುಂಪಿನಲ್ಲಿಯೇ ಕಳುಹಿಸಿ.