ಖಾರದ ಪುಡಿ ಬೇಡ ಎಂದ ಮಗಳಿಗೊಂದು ಪತ್ರ

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅಪ್ಪಾಜಿಯ ಆಶೀರ್ವಾದಗಳು.

ಹೋದ ತಿಂಗಳು ಫೋನಿನಲ್ಲಿ, "ಅಪ್ಪಾಜಿ, ಇನ್ನು ಖಾರದ ಪುಡಿ ಕಳಿಸಬೇಡಿ, ಇಲ್ಲಿಯದೇ ಸಾಕು" ಎಂದೆಯಲ್ಲ, ನಾನು "ಆಗಲಿ" ಎಂದಷ್ಟೇ ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಸಿಟ್ಟು ಬಂದಿತ್ತು. ಮೂವತ್ತು ವರ್ಷ ಮಂಡಕ್ಕಿ ಮೆಣಸಿನಕಾಯಿ ಮಾರಿದವನ ಮಗಳು ಸಿಯೋಲ್‌ಗೆ ಓದಲು ಹೋಗಿ ಆರು ತಿಂಗಳಿಗೇ ಬ್ಯಾಡಗಿಯನ್ನು ಬೇಡ ಎನ್ನುವುದೆಂದರೆ! ಅದೆಂಥ ಪುಡಿ, ನೋಡಿಯೇ ಬಿಡೋಣ ಎಂದು ಇವತ್ತು ಮಧ್ಯಾಹ್ನ ನಿನ್ನ ತಮ್ಮನನ್ನು ಕರೆದುಕೊಂಡು ವಿದ್ಯಾನಗರದ ಕಡೆ ಹೊಸದಾಗಿ ಆಗಿರುವ ಕೊರಿಯಾ ಊಟದ ಅಂಗಡಿಗೆ ಹೋಗಿದ್ದೆ.

ಆರು ಮೇಜು, ಸುತ್ತ ಕಾಲೇಜು ಹುಡುಗರು. ಪಂಚೆ ಉಟ್ಟವನು ನಾನೊಬ್ಬನೇ. ಸ್ಟೀಲಿನ ಚಪ್ಪಟೆ ಕಡ್ಡಿಗಳನ್ನು ಮುಂದಿಟ್ಟರು. ನಾನು ಚಮಚ ಕೇಳಿದೆ. ಅಲ್ಲಿನವರೂ ಅನ್ನಕ್ಕೆ ಚಮಚವನ್ನೇ ಬಳಸುತ್ತಾರಂತೆ, ಹಾಗಾಗಿ ಮರ್ಯಾದೆ ಹೋಗಲಿಲ್ಲ.

ಮೊದಲು ಬಂದದ್ದು ಕಿಮ್ಚಿ, ಎಲೆಕೋಸಿಗೆ ಉಪ್ಪು, ಖಾರ ಹಚ್ಚಿ ಹುದುಗಿಸಿದ ಅವರ ಉಪ್ಪಿನಕಾಯಿ. ಬಾಯಿಗಿಡುವ ಮೊದಲು ಮೀನು ಹಾಕಿದ್ದೀರಾ ಎಂದು ಮೂರು ಸಲ ಕೇಳಿದೆ. ಅಡುಗೆಯ ಹುಡುಗ ಒಳಗಿನಿಂದ ಬಂದ. ಮಣಿಪುರದವನು, ತಕ್ಕಮಟ್ಟಿಗೆ ಕನ್ನಡ ಬರುತ್ತದೆ. ವಾಡಿಕೆಯಲ್ಲಿ ಉಪ್ಪಿಗೆ ಹಾಕಿದ ಸೀಗಡಿಯನ್ನೋ ಮೀನಿನ ರಸವನ್ನೋ ಬೆರೆಸುತ್ತಾರೆ, ಈ ಊರಿನಲ್ಲಿ ಎಲ್ಲರೂ ಕೇಳುವುದರಿಂದ ತಾನು ಬಿಟ್ಟಿದ್ದೇನೆ ಎಂದ. ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲಿ ಮೀನು, ಮಾಂಸವಿರಲಿ, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲವಂತೆ. ನೀನು ಅಲ್ಲಿ ಕೇಳಿ ತಿನ್ನುತ್ತೀಯೋ ಕೇಳದೆ ತಿನ್ನುತ್ತೀಯೋ, ಅದನ್ನು ನಾನು ಕೇಳುವುದಿಲ್ಲ. ಅಮ್ಮ ಕೇಳಿದರೆ ಮಠದ ಅಡುಗೆಯ ವಿಷಯ ಹೇಳು.

ರುಚಿ ಹೇಳುತ್ತೇನೆ. ಮೊದಲ ತುತ್ತು ನನಗೆ ಹಿಡಿಸಲಿಲ್ಲ. ಏಪ್ರಿಲ್ ಬಿಸಿಲಿಗೆ ದೋಸೆ ಹಿಟ್ಟು ಮಧ್ಯಾಹ್ನದವರೆಗೆ ಹೊರಗೇ ಉಳಿದರೆ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿಯಿತು. ಎರಡನೆಯದಕ್ಕೆ ಶುಂಠಿ, ಬೆಳ್ಳುಳ್ಳಿ ತಿಳಿದವು. ನಾಲ್ಕನೆಯದರ ಹೊತ್ತಿಗೆ ಬಟ್ಟಲು ಖಾಲಿ. ಚಳಿಗಾಲಕ್ಕೆ ಮೊದಲು ಮನೆಮಂದಿಯೂ ನೆರೆಯವರೂ ಸೇರಿ ಇದನ್ನು ಜಾಡಿಗೆ ತುಂಬುವ ರೂಢಿಗೆ ಕಿಮ್ಜಾಂಗ್ ಎಂದು ಹೆಸರು, 2013ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ನಿನ್ನ ತಮ್ಮ ಮೊಬೈಲ್ ನೋಡಿ ಓದಿದ. ಹಾಗಾದರೆ ನಮ್ಮ ಓಣಿಯ ಹೆಂಗಸರು ಬೇಸಿಗೆಯಲ್ಲಿ ಮಾಳಿಗೆ ತುಂಬ ಹಪ್ಪಳ, ಸಂಡಿಗೆ ಇಡುತ್ತಿದ್ದ ಸುದ್ದಿಯನ್ನು ಅವರಿಗೆ ಯಾರೂ ಮುಟ್ಟಿಸಲಿಲ್ಲವೇ ಎಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ಆಮೇಲೆ ಬಿಬಿಂಬಾಪ್. ಹೆಸರಿನ ಅರ್ಥ ಕಲಸಿದ ಅನ್ನ, ಅಷ್ಟೇ. ಅದಕ್ಕೆ 280 ರೂಪಾಯಿ! ಅನ್ನದ ಮೇಲೆ ಗಜ್ಜರಿ, ಸೌತೆ, ಅಣಬೆ, ಸೊಪ್ಪನ್ನು ಬೇರೆ ಬೇರೆ ಜೋಡಿಸಿ, ನಡುವೆ ಕೆಂಪು ಖಾರ ಇಟ್ಟಿದ್ದರು. ಮೊಟ್ಟೆ ಬೇಡವೆಂದು ಮೊದಲೇ ಹೇಳಿದ್ದೆ. ನಿನ್ನ ತಮ್ಮ ತರಿಸಿದ ತೊಕ್‌ಬೊಕ್ಕಿ ಎನ್ನುವ ಅಕ್ಕಿಯ ಕಡುಬು ನನ್ನ ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡಿತು. ಅದರ ಮಾತು ಬಿಡು.

ಆ ಕೆಂಪು ಖಾರ ಗೊಚುಜಾಂಗ್. ಮೆಣಸಿನ ಪುಡಿಯ ಜೊತೆ ಅಂಟಕ್ಕಿ, ಹುದುಗಿಸಿದ ಸೋಯಾ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಇಡುತ್ತಾರಂತೆ. ಸಿಹಿ ಜಾಸ್ತಿ. ನನ್ನ ಅಂಗಡಿಯಲ್ಲಾದರೆ ಗಿರಾಕಿ ತಟ್ಟೆ ತಿರುಗಿಸಿ ಕೊಡುತ್ತಾನೆ. ನನಗೆ ಬೇಕಾಗಿದ್ದದ್ದು ಬರಿಯ ಪುಡಿ. ಕೇಳಿದ್ದಕ್ಕೆ ಹುಡುಗ ಪೊಟ್ಟಣವನ್ನೇ ತಂದು ನನ್ನ ಅಂಗೈಗೆ ಒಂದು ಚಮಚ ಸುರಿದ.

ಬನ್ಸಿ ರವೆಯಷ್ಟು ದಪ್ಪ ತರಿ, ಒಂದೂ ಬೀಜವಿಲ್ಲ. ಹೆಬ್ಬೆರಳಿನಿಂದ ತಿಕ್ಕಿದೆ. ಬಣ್ಣ ಗೆರೆಗಳೊಳಗೆ ಇಳಿದು ನಿಂತಿತು. ಮೂಸಿದರೆ ಸೀನು ಬರಲಿಲ್ಲ, ಬಿಸಿಲಿನಲ್ಲಿ ಒಣಗಿದ ಹಣ್ಣಿನ ವಾಸನೆ. ನಾಲಿಗೆಗೆ ಹಾಕಿಕೊಂಡೆ: ಮೊದಲು ಸಣ್ಣ ಸಿಹಿ, ಆಮೇಲೆ ನಿಧಾನವಾಗಿ ಖಾರ. ಮಗಳೇ, ಇದು ನಮ್ಮ ಡಬ್ಬಿ ತಳಿಯ ಬ್ಯಾಡಗಿ ಮೆಣಸಿನಕಾಯಿಯ ದಾಯಾದಿ. ಬಣ್ಣ ಧಾರಾಳ, ಖಾರ ಹದ. ನಾನು ಪ್ರತಿ ವರ್ಷ ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಚೀಲಕ್ಕೂ ಕೈಹಾಕಿ ಹುಡುಕುವುದು ಇದನ್ನೇ. ನಮ್ಮದಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಎಂದು ಆ ಹುಡುಗನಿಗೆ ಜಂಬದಿಂದ ಹೇಳಿಕೊಂಡೆ. ಅಮೆರಿಕ ಖಂಡದಿಂದ ಹಡಗು ಹತ್ತಿದ ಮೆಣಸಿನಕಾಯಿ ಬೀಜ ನಮ್ಮಲ್ಲಿಗೆ ಪೋರ್ಚುಗೀಸರ ಕೈಯಿಂದ ಬಂತು. ಅಲ್ಲಿಗೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹೋಗಿರಬೇಕು.

ಸಿಟ್ಟು ಇಳಿದಿದೆ. ಪೂರ್ತಿ ಅಲ್ಲ, ಏಕೆಂದರೆ ನೀನು ಇಷ್ಟನ್ನೂ ಫೋನಿನಲ್ಲಿಯೇ ಹೇಳಬಹುದಿತ್ತು. "ಇಲ್ಲಿಯದೇ ಸಾಕು" ಎನ್ನುವ ಬದಲು "ನಮ್ಮ ಡಬ್ಬಿಯ ಹಾಗೆಯೇ ಇದೆ" ಎಂದಿದ್ದರೆ ನಾನು ಅವತ್ತು ಫೋನು ಕೊಡುತ್ತಿರಲಿಲ್ಲ.

ಇನ್ನು ಪುಡಿ ಕಳಿಸುವುದಿಲ್ಲ. ನೀನು ರಜೆಗೆ ಬರುವಾಗ ಅರ್ಧ ಕಿಲೋ ತಂದುಕೊಡು, ಬೀಜ ತೆಗೆದದ್ದೇ ನೋಡಿ ತಾ. ಮಂಡಕ್ಕಿಗೆ ಹಚ್ಚಿ ನೋಡಬೇಕೆಂದಿದ್ದೇನೆ. ಗಿರಾಕಿಗಳಿಗೆ ಹೇಳುವುದಿಲ್ಲ.

ನಿನ್ನ ಅಪ್ಪಾಜಿ