ಕೊಡಗಲ್ಲೂ ಬಿಸಿಲಿದೆ, ಮಧ್ಯಾಹ್ನ ಬಿಡುವು ಕೊಡಿ

ಮಾನ್ಯರೇ,

ಬಿಸಿಲು ಅಂದ ತಕ್ಷಣ ಎಲ್ಲರೂ ಕಲಬುರಗಿ, ರಾಯಚೂರು ಅಂತಾರೆ. ಕೊಡಗು ಅಂದ್ರೆ ತಂಪು, ಅಲ್ವಾ? ಮಾರ್ಚ್ ತಿಂಗಳ ಮಧ್ಯಾಹ್ನ ಸಿದ್ದಾಪುರ, ಗೋಣಿಕೊಪ್ಪ ಕಡೆ ಯಾವುದಾದರೂ ತೋಟದ ಕಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕಾಫಿ ಒಣಗಬೇಕು, ಹಾಗಾಗಿ ಅಲ್ಲಿ ನೆರಳು ಇರುವ ಹಾಗೇ ಇಲ್ಲ. ಮೇಲಿಂದ ಬಿಸಿಲು, ಕೆಳಗಿಂದ ಸಿಮೆಂಟಿನ ಕಾವು, ನಡುವೆ ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸರು ಚೆರಿ (ಕಾಫಿ ಹಣ್ಣು) ಹರವಿ, ಕೆದಕಿ, ಮತ್ತೆ ಹರವುತ್ತಾ ಇರುತ್ತಾರೆ. ನೀರಿನ ಕ್ಯಾನ್ ದೂರದಲ್ಲಿ ಗೋಡೌನ್ ಬಾಗಿಲಲ್ಲಿ, ಅದೂ ಕಾದಿರುತ್ತದೆ. ಕಾರ್ಮಿಕರಿಗೆ ಅನುಕೂಲವಾಗುವ ಜಾಗದಲ್ಲಿ ಕುಡಿಯುವ ನೀರು ಇಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು.

ಕುಟ್ಟ ದಾಟಿದರೆ ಕೇರಳ. ಅಲ್ಲಿನ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಆದೇಶ ಹೊರಡಿಸುತ್ತದೆ. 3000 ಅಡಿಗಿಂತ ಎತ್ತರದ ಜಾಗಗಳಿಗೆ ಅದರಲ್ಲಿ ವಿನಾಯಿತಿ ಇದೆ. ಇಲ್ಲಿ ಯಾರಾದರೂ ಅದನ್ನೇ ಹಿಡಿದುಕೊಂಡು 'ನಮ್ಮದು ಬೆಟ್ಟ' ಅನ್ನಬಹುದು. ಮಡಿಕೇರಿ ಸುಮಾರು 3800 ಅಡಿ, ಒಪ್ಪೋಣ. ಕುಶಾಲನಗರ, ಗೋಣಿಕೊಪ್ಪ ಅಷ್ಟು ಎತ್ತರದಲ್ಲಿಲ್ಲ. ನಮ್ಮ ರಾಜ್ಯದಲ್ಲೂ ಬೇಸಿಗೆ ಬಂದರೆ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಫ್ಯಾನ್ ಕೆಳಗೆ ಕೂರುವವರಿಗೆ ಕೊಟ್ಟದ್ದು ತಪ್ಪಲ್ಲ, ಕಣದಲ್ಲಿ ನಿಂತವರಿಗೂ ಕೊಡಿ ಅಂತಷ್ಟೇ ಕೇಳ್ತಿರೋದು.

ಬೆಳಿಗ್ಗೆ ಆರಕ್ಕೇ ಕೆಲಸ ಶುರು ಮಾಡಿ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಇಲ್ಲಿ ಆ ಹೊತ್ತಿಗೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಇನ್ನು ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ, ಕೂತರೆ ದುಡ್ಡು ಹೋಯಿತು. ತಲೆ ಸುತ್ತಿದರೂ ಯಾರೂ ಕೂರಲ್ಲ. ಹಾಗಾಗಿ ಬಿಡುವಿನ ಹೊತ್ತಿಗೂ ಕೂಲಿ ಸಿಗಬೇಕು, ಇಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ. ಸಣ್ಣ ಬೆಳೆಗಾರರಿಗೆ ಕಷ್ಟ ಅನ್ನುವುದು ಗೊತ್ತು, ಆದರೆ ಕಾಫಿಗೆ ಈಚೆಗೆ ಒಳ್ಳೆ ರೇಟ್ ಬಂದದ್ದೂ ಗೊತ್ತು.

ಇನ್ನೊಂದು ಮಾತು ತೋಟದಲ್ಲಿ ಕೆಲಸ ನೋಡಿಕೊಳ್ಳುವ ರೈಟರ್‌ಗಳಿಗೆ. ಬಿಸಿಲಲ್ಲಿ ಒಬ್ಬ ತೊದಲಿದರೆ, ತೂರಾಡಿದರೆ 'ಬೆಳಿಗ್ಗೆಯೇ ಕುಡಿದು ಬಂದಿದ್ದಾನೆ' ಅಂತ ಬೈಯುವುದು ಜಾಸ್ತಿ. ಬಿಸಿಲು ಹೊಡೆದರೂ ಹಾಗೇ ಆಗುತ್ತದೆ, ಜೀವಕ್ಕೇ ಅಪಾಯ. ನೆರಳಿಗೆ ಕರೆದೊಯ್ದು ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ, ಕೂಡಲೇ ಆಸ್ಪತ್ರೆಗೆ ಜೀಪ್ ಕಳಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ.

ಕಾರ್ಮಿಕ ಇಲಾಖೆ ಮತ್ತು ಜಿಲ್ಲಾಡಳಿತ ಮುಂದಿನ ಕೊಯ್ಲಿಗೆ ಮೊದಲೇ ಬೆಳೆಗಾರರನ್ನೂ ಕಾರ್ಮಿಕರನ್ನೂ ಕೂರಿಸಿ ಮಾತಾಡಲಿ.

– ಒಬ್ಬ ಓದುಗ, ಸಿದ್ದಾಪುರ, ಕೊಡಗು