ಮಗಳಿಗೊಂದು ಪತ್ರ: 180.01

ಪ್ರೀತಿಯ ಪುಟ್ಟಿ,

ಉಡುಪಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ನಿನ್ನೆ ಫೋನಿನಲ್ಲಿ ಹೇಳಲು ಹೊರಟದ್ದು ಅರ್ಧಕ್ಕೇ ನಿಂತಿತು. ಕರೆಂಟಿನ ಜೊತೆ ನೆಟ್‌ವರ್ಕೂ ಹೋಯಿತು. ಅದಕ್ಕೇ ಈ ಪತ್ರ. ಲ್ಯಾಪ್‌ಟಾಪಿನಲ್ಲಿ ನಾನೇ ಟೈಪ್ ಮಾಡುತ್ತಿದ್ದೇನೆ.

ಕನ್ನಡ ಟೈಪಿಂಗ್ ಈಗ ಕೈಗೆ ಹತ್ತಿದೆ. ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮಾಡಿಕೊಟ್ಟ ಕೀಲಿಮಣೆ ಅಲ್ವಾ, ಒಂದು ಗುಟ್ಟು ಗೊತ್ತಾದರೆ ಸಲೀಸು. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಒತ್ತಬೇಕು. ಎ, ಎಂ, ಎಫ್, ಎಂ. ಪರದೆಯ ಮೇಲೆ ‘ಅಮ್ಮ’ ಎಂದು ಮೂಡಿದ ದಿನ ನಿನ್ನ ನೆನಪೇ ಆಯಿತು.

ಹೇಳಬೇಕೆಂದಿದ್ದದ್ದು ಕ್ಲಾಸಿನ ವಿಷಯ. ಎಂಟನೆಯವರಿಗೆ ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ ಎಂಬ ಪಾಠ. ಇಷ್ಟು ವರ್ಷ ಕೋನಮಾಪಕ ಇಟ್ಟು ಅಳೆಸುತ್ತಿದ್ದೆ. ಒಬ್ಬರಿಗೆ 178 ಬರುವುದು, ಇನ್ನೊಬ್ಬರಿಗೆ 181. ಈ ಸಲ ಜಿಯೋಜೀಬ್ರಾ ತೆರೆದೆ. ಆಸ್ಟ್ರಿಯಾದ ಒಬ್ಬ ವಿದ್ಯಾರ್ಥಿ 2001ರಲ್ಲಿ ಶುರು ಮಾಡಿದ ಗಣಿತದ ತಂತ್ರಾಂಶ ಅದು. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಮಳೆಗಾಲದಲ್ಲಿ ಅದು ದೊಡ್ಡ ಉಪಕಾರ.

ಮಲ್ಪೆ ಕಡೆಯ ಒಬ್ಬಳು ಹುಡುಗಿಯ ಕೈಗೆ ಮೌಸ್ ಕೊಟ್ಟೆ. ಅವಳು ತುದಿ ಹಿಡಿದು ಎಳೆದಂತೆ ತ್ರಿಭುಜ ಉದ್ದವಾಯಿತು, ಚಪ್ಪಟೆಯಾಯಿತು, ಕೋನಗಳೆಲ್ಲ ಬದಲಾದವು. ಅವಳು ಕೈ ತೆಗೆದಾಗ 47.27, 62.38, 70.36. ಹಿಂದಿನ ಬೆಂಚಿನವನೊಬ್ಬ ಪೆನ್ಸಿಲಿನಲ್ಲಿ ಕೂಡಿಸಿ ಎದ್ದು ನಿಂತ. “ಟೀಚರ್, 180.01 ಬರ್ತದೆ.”

ನನಗೆ ಉತ್ತರ ಹೊಳೆಯಲಿಲ್ಲ. ಮೊದಲಾಗಿದ್ದರೆ ಏನೋ ಹೇಳಿ ಕೂರಿಸುತ್ತಿದ್ದೆನೇನೋ. “ನಾಳೆ ಒಟ್ಟಿಗೆ ನೋಡುವ” ಎಂದು ಆ ತ್ರಿಭುಜವನ್ನು ಸೇವ್ ಮಾಡಿಟ್ಟೆ. ರಾತ್ರಿ ಹನ್ನೊಂದರವರೆಗೆ ಮೆನುಗಳನ್ನೆಲ್ಲ ತೆರೆದು ನೋಡಿದೆ. ಕಡೆಗೆ ಸಿಕ್ಕಿತು. ಅದು ಎರಡೇ ದಶಮಾಂಶ ತೋರಿಸುತ್ತಿತ್ತು. ಮೂರನೇ ಅಂಕಿ ಐದು ಅಥವಾ ಅದಕ್ಕಿಂತ ದೊಡ್ಡದಿದ್ದರೆ ಎರಡನೆಯದನ್ನು ಒಂದು ಏರಿಸಿಬಿಡುತ್ತದೆ. ಮೂರು ಕೋನಗಳಲ್ಲೂ ಹಾಗೇ ಆಗಿತ್ತು.

ಮರುದಿನ ಅದೇ ಹುಡುಗನನ್ನು ಕರೆದು ಮೂರು ದಶಮಾಂಶ ಮಾಡಿಸಿದೆ. 47.266, 62.376, 70.358. ಕೂಡಿಸು ಎಂದೆ. ಅವನು ಎರಡು ಸಲ ಕೂಡಿಸಿ, “ಸರಿಯಾಯ್ತು ಟೀಚರ್” ಎಂದ. ಅವನ ಮುಖ ನೀನು ನೋಡಬೇಕಿತ್ತು, ಪುಟ್ಟಿ.

ನಾನು ಯಾಕೆ ಇಷ್ಟು ತಡವಾಗಿ ಕಲಿತೆ ಎಂದು ಯೋಚಿಸುತ್ತಿದ್ದೆ. ಹಿಂದೆ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಮೌಸ್ ಇಡೀ ದಿನ ಹೇಳಿಕೊಡುವವರ ಕೈಯಲ್ಲೇ ಇತ್ತು, ನಾವು ನೋಡಿ ಬರೆದುಕೊಂಡೆವು. ಮನೆಗೆ ಬಂದು ನಿನ್ನನ್ನು ಕೇಳಿದರೆ, “ಕೊಡಮ್ಮಾ, ನಾನೇ ಮಾಡಿಕೊಡ್ತೇನೆ” ಎನ್ನುತ್ತಿದ್ದೆ. ಎರಡು ನಿಮಿಷದಲ್ಲಿ ಕೆಲಸ ಆಗುತ್ತಿತ್ತು. ಬೇಸರದಿಂದ ಹೇಳುತ್ತಿಲ್ಲ ಮಗಾ, ನಿನ್ನದು ಪ್ರೀತಿಯೇ. ಆದರೆ ಬೋರ್ಡಿನ ಹತ್ತಿರ ಲೆಕ್ಕ ತಡವಾದ ಎಷ್ಟು ಮಕ್ಕಳ ಕೈಯಿಂದ ನಾನೂ ಸೀಮೆಸುಣ್ಣ ತೆಗೆದುಕೊಂಡಿದ್ದೇನೋ. ಅದು ನೆನಪಾದರೆ ಸಂಕಟವಾಗುತ್ತದೆ. ಈಗ ಕೈ ಕಟ್ಟಿ ನಿಲ್ಲುತ್ತೇನೆ. ಪಿರಿಯಡ್ ಮುಗಿದರೂ ಸರಿ, ಕಾಯುತ್ತೇನೆ.

ಚೌತಿಗೆ ಬರುತ್ತೀಯಲ್ಲ, ಆಗ ಜಿಯೋಜೀಬ್ರಾದಲ್ಲಿ ಸ್ಲೈಡರ್, ಅದೇ ಎಳೆದರೆ ಅಂಕಿ ಬದಲಾಗುವ ಪಟ್ಟಿ, ಮಾಡುವುದನ್ನು ಹೇಳಿಕೊಡು. ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳು. ಮೌಸ್ ನನ್ನ ಕೈಯಲ್ಲಿರಲಿ.

ನಿನ್ನ
ಅಮ್ಮ